ನೀರು ಕುಡಿಯೋಕೂ ಟಾರ್ಗೆಟ್ ಅಡ್ಡ

ಸಂಪಾದಕರಿಗೆ ನಮಸ್ಕಾರ.

ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳದ ಸಮೇತ ಮುಟ್ಟಿನ ರಜೆ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರೂ ಅದರಲ್ಲಿ ಸೇರಿದ್ದಾರೆ. ತುಂಬಾ ಖುಷಿಯಾಯಿತು. ಆದರೆ ತಿಂಗಳ ಉಳಿದ ದಿನಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅದಕ್ಕೇ ಈ ಪತ್ರ.

ನಾನು ಮದುವೆಗೆ ಮುಂಚೆ ಪೀಣ್ಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಟೈಲರ್ ಆಗಿದ್ದೆ. ಈಗ ಮನೆಯಲ್ಲೇ ಹೊಲಿಯುತ್ತೇನೆ, ನಮ್ಮ ವಠಾರದಿಂದ ಮಾತ್ರ ಇವತ್ತಿಗೂ ಮನೆಗೊಬ್ಬರಂತೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಲ್ಲಿ ಲೈನ್ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಬ್ಬಳು ಕಾಲರ್ ಹೊಲಿದರೆ ಮುಂದಿನವಳು ಅದನ್ನು ಅಂಗಿಗೆ ಕೂರಿಸಬೇಕು, ಅವಳ ಮುಂದಿನವಳು ತೋಳು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ, ಎಷ್ಟು ಆಯಿತು ಅಂತ ಬೋರ್ಡಿನ ಮೇಲೆ ಬರೆಯುತ್ತಾರೆ. ನಡುವೆ ಒಬ್ಬಳು ಶೌಚಾಲಯಕ್ಕೆ ಅಂತ ಐದು ನಿಮಿಷ ಎದ್ದು ಹೋದರೂ ಅವಳ ಮಿಷನ್ ಮುಂದೆ ಬಂಡಲ್ ರಾಶಿ ಬೀಳುತ್ತದೆ, ಆಚೆಯವಳು ಸುಮ್ನೆ ಕೂರಬೇಕಾಗುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಬೈಸಿಕೊಳ್ಳುವುದಕ್ಕಿಂತ ನೀರೇ ಕುಡಿಯದಿರುವುದು ವಾಸಿ ಅನ್ನಿಸುತ್ತದೆ, ಅಲ್ವಾ? ಬೆಳಿಗ್ಗೆ ತುಂಬಿಸಿಕೊಂಡು ಹೋದ ಬಾಟಲಿಯನ್ನು ಸಂಜೆ ಮುಕ್ಕಾಲು ಹಾಗೇ ವಾಪಸ್ ತರುತ್ತಾರೆ.

ಆಮೇಲೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿ ಜ್ವರ. ವಾಸಿಯಾಗಿ ಲೈನಿಗೆ ಹೋದರೆ ಮತ್ತೆ ಅದೇ. ಮುಟ್ಟಾದಾಗ ಪ್ಯಾಡ್ ಬದಲಿಸೋಕೂ ಊಟದ ಬೆಲ್ ಕಾಯಬೇಕು. ಇನ್ನು ಬೆಳಿಗ್ಗೆ ನೀರು ಹಿಡಿದು, ಮಕ್ಕಳಿಗೆ ಗಂಡನಿಗೆ ಡಬ್ಬಿ ಕಟ್ಟುವಷ್ಟರಲ್ಲಿ ತಿಂಡಿಗೆ ಟೈಮೇ ಇರುವುದಿಲ್ಲ, ಯಾಕೆಂದರೆ ಗೇಟಿಗೆ ಸ್ವಲ್ಪ ತಡವಾದರೂ ಸಂಬಳ ಕಟ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಕಬ್ಬಿಣದ ಮಾತ್ರೆ ಕೊಡುತ್ತಾರೆ, ನಿಜ. ಹಸಿದ ಹೊಟ್ಟೆಗೆ ಅದು ಸಂಕಟ ತರುತ್ತದೆ ಅಂತ ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ಕಾರ್ಮಿಕರ ಆರೋಗ್ಯ ವಿಮೆ, ಇಎಸ್‌ಐ ಇದೆಯಲ್ಲ ಅನ್ನಬಹುದು. ಸಂಬಳದಲ್ಲಿ ಶೇ 0.75 ಅದಕ್ಕೆ ಹೋಗುತ್ತದೆ. ಆದರೆ ನಮ್ಮ ಕಡೆ ಡಿಸ್ಪೆನ್ಸರಿ ತೆರೆದಿರುವ ಹೊತ್ತಿನಲ್ಲಿ ಇವರು ಮಿಷನ್ ಮುಂದೆ ಇರುತ್ತಾರೆ. ಡಾಕ್ಟರ್ ರಜೆ ಬರೆದುಕೊಟ್ಟರೆ ಸಂಬಳದ ಶೇ 70 ಭತ್ಯೆ ಸಿಗುತ್ತದೆ ಸರಿ, ಮೊದಲ ಎರಡು ದಿನಕ್ಕೆ ಮಾತ್ರ ಅದು ಬರುವುದಿಲ್ಲ. ಉರಿಮೂತ್ರಕ್ಕೆ ಒಂದು ದಿನ ಆಸ್ಪತ್ರೆಗೆ ಹೋದವಳಿಗೆ ಇದರಿಂದ ಏನು ಸಿಕ್ಕಿತು ಹೇಳಿ? ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ಕೇಳಿ ನುಂಗಿ ಕೆಲಸಕ್ಕೆ ಹೋಗುತ್ತಾರೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಇದೇ ಹೆಂಗಸರು ಹೊಸೂರು ರಸ್ತೆಗೆ ಇಳಿದಾಗ ಆ ದುಡ್ಡು ಪೂರ್ತಿ ತೆಗೆಯಲು ಅಡ್ಡವಾಗಿದ್ದ ತನ್ನ ಹೊಸ ನಿಯಮವನ್ನೇ ಕೇಂದ್ರ ಸರ್ಕಾರ ವಾಪಸ್ ತಗೊಂಡಿತು. ಅಷ್ಟು ಶಕ್ತಿ ಅವರಿಗಿದೆ. ಆದರೆ ಪಿಎಫ್ ಅಂತ ಬೀದಿಯಲ್ಲಿ ಕೂಗಬಹುದು, ಉಚ್ಚೆಗೆ ಹೋಗೋಕೆ ಬಿಡಿ ಅಂತ ಕೂಗಲು ನಾಚಿಕೆಯಾಗುತ್ತದೆ. ಹಾಗಾಗಿಯೇ ಈ ಮಾತು ವಠಾರದ ನಲ್ಲಿ ಹತ್ತಿರವೇ ನಿಂತುಹೋಗುತ್ತದೆ.

ಕಾರ್ಖಾನೆಯಲ್ಲಿ ಕುಡಿಯುವ ನೀರು, ಶೌಚಾಲಯ ಇರಬೇಕು ಅಂತ 1948ರ ಕಾಯ್ದೆಯ ಕಾಲದಿಂದಲೂ ಇದೆ. ಬಹಳ ಕಡೆ ಶೌಚಾಲಯ ಇದ್ದೇ ಇದೆ, ಎದ್ದು ಹೋಗೋಕೆ ಬಿಡುವಿಲ್ಲ ಅಷ್ಟೇ. ಕಾರ್ಮಿಕ ಇಲಾಖೆಯವರು ನಲ್ಲಿ, ಬಾಗಿಲು ಎಣಿಸುವುದರ ಜೊತೆಗೆ ಟಾರ್ಗೆಟ್ ಬೋರ್ಡನ್ನೂ ನೋಡಲಿ. ಎದ್ದು ಹೋಗುವ ಹೊತ್ತನ್ನು ಕಳೆದೇ ಗಂಟೆಯ ಪೀಸ್ ಲೆಕ್ಕ ಹಾಕಬೇಕು. ಯಾರಾದರೂ ಎದ್ದರೆ ಆ ಜಾಗಕ್ಕೆ ಕೂರಲು ಪ್ರತಿ ಲೈನಿಗೂ ಒಬ್ಬ ಟೈಲರ್ ಜಾಸ್ತಿ ಇರಬೇಕು. ಡಿಸ್ಪೆನ್ಸರಿ ವಾರದಲ್ಲಿ ಕೆಲವು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿರಲಿ. ತಪಾಸಣೆಗೆ ಬರುವ ಅಧಿಕಾರಿಗಳು ದಯವಿಟ್ಟು ಸಂಜೆ ಗೇಟಿನ ಹೊರಗೆ, ಬಸ್ ಸ್ಟಾಪಿನಲ್ಲಿ ಈ ಹೆಂಗಸರನ್ನು ಮಾತಾಡಿಸಲಿ. ಒಳಗೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಕೇಳಿದರೆ ಎಲ್ಲರೂ "ಚೆನ್ನಾಗಿದೆ ಸರ್" ಅಂತಲೇ ಹೇಳುತ್ತಾರೆ.

– ಒಬ್ಬ ಓದುಗಿ, ಬೆಂಗಳೂರು