ವೈಫೈ ಬೇಡವೆಂದು ಮಾರಿದ ಟಿವಿ, ವೈಫೈ ಹಾಕಿಸಿ ಎನ್ನುವ ಸೇವಾ ಕೇಂದ್ರ

ಗೆ,
ಮುಖ್ಯ ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಸೌಲಭ್ಯ ಟಿವಿಯಲ್ಲಿ ಇಲ್ಲದಿರುವುದು, ನಿಮ್ಮ ತಂತ್ರಜ್ಞರು ನನ್ನ ಮನೆಯಲ್ಲಿ ನಡೆದುಕೊಂಡ ರೀತಿ.

ಮಾನ್ಯರೇ,

‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ನಿನ್ನೆ ನನ್ನ ಮೊಬೈಲಿಗೆ ಬಂದಿದೆ. ಯಾವುದೂ ಪರಿಹಾರವಾಗಿಲ್ಲ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ ಹೊಸಬರು ಫೋನ್ ಎತ್ತುತ್ತಾರೆ, ನಾನು ಮೊದಲಿನಿಂದ ಹೇಳಬೇಕು, ಕೊನೆಗೆ ‘ಮನೆಗೆ ವೈಫೈ ಹಾಕಿಸಿಕೊಳ್ಳಿ’ ಎಂಬ ಅದೇ ಉತ್ತರ ಕೇಳಬೇಕು. ಆದ್ದರಿಂದ ಇನ್ನು ಮುಂದೆ ಎಲ್ಲವೂ ಬರವಣಿಗೆಯಲ್ಲೇ ಇರಲಿ ಎಂದು ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದೇನೆ.

ಚಿಕ್ಕಮಗಳೂರಿನ ನಿಮ್ಮ ಅಧಿಕೃತ ಮಳಿಗೆಯಲ್ಲಿ ನಾನು 43 ಇಂಚಿನ ಈ ಟಿವಿಯನ್ನು ಕೊಂಡೆ. ಕೊಳ್ಳುವ ಮೊದಲೇ ಸ್ಪಷ್ಟವಾಗಿ ಕೇಳಿದ್ದೆ: ‘ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿಯುತ್ತದೆಂದು ಇಂಟರ್ನೆಟ್‌ನವರು ಲೈನ್ ಎಳೆಯುವುದಿಲ್ಲ. ವೈಫೈ ಇಲ್ಲದೆ ಮೊಬೈಲಿನ ಪರದೆ ಇದರಲ್ಲಿ ಕಾಣಿಸುತ್ತದೆಯೇ?’ ನಿಮ್ಮ ಮಾರಾಟಗಾರರು ಪೆಟ್ಟಿಗೆಯನ್ನು ತಿರುಗಿಸಿ, ‘ವೈಫೈ ಇಲ್ಲದೆಯೂ ಮೊಬೈಲ್ ಪರದೆ ನಿಮ್ಮ ಟಿವಿಯಲ್ಲಿ’ ಎಂಬ ಸಾಲನ್ನು ಬೆರಳಿಟ್ಟು ತೋರಿಸಿದರು. ಆ ಸಾಲನ್ನು ನಂಬಿ ಹಣ ಕೊಟ್ಟೆ.

ಈ ಸೌಲಭ್ಯ ನನಗೆ ಏಕೆ ಬೇಕಿತ್ತು ಎಂಬುದನ್ನು ನೀವು ತಿಳಿಯಬೇಕು. ನಾನು ಸಣ್ಣ ಕಾಫಿ ಬೆಳೆಗಾರ್ತಿ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದ ಸಭೆ ನನ್ನ ಮನೆಯ ಜಗುಲಿಯಲ್ಲಿ ನಡೆಯುತ್ತದೆ. ಅರೇಬಿಕಾ ಕಾಫಿ ಬೆಳೆಯುವ ನಮಗೆ ಬಿಳಿ ಕಾಂಡಕೊರಕ ಎಂಬ ಕೀಟ ದೊಡ್ಡ ಪೀಡೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹಾರಿ ಮೊಟ್ಟೆ ಇಡುವ ಕಾಲ; ಅದಕ್ಕೆ ಮೊದಲೇ ಕೀಟ ಹೊಕ್ಕ ಗಿಡವನ್ನು ಗುರುತಿಸಿ, ಬುಡಸಮೇತ ಕಿತ್ತು ಸುಡಬೇಕು. ಕಾಂಡದ ಮೇಲೆ ಏಳುವ ಉಬ್ಬುಗೆರೆಯೇ ಗುರುತು. ಪ್ರತಿಯೊಬ್ಬಳೂ ತನ್ನ ತೋಟದ ಗಿಡದ ಫೋಟೋ ತೆಗೆದುಕೊಂಡು ಬರುತ್ತಾಳೆ. ಅಂಗೈಯಗಲದ ಪರದೆಯಲ್ಲಿ ಆ ಗೆರೆ ಎಲ್ಲರಿಗೂ ಕಾಣುವುದಿಲ್ಲ. ದೊಡ್ಡ ಪರದೆಯಲ್ಲಿ ಹಿಗ್ಗಿಸಿ ತೋರಿಸಿದರೆ, ಕಣ್ಣು ಮಂದವಾಗಿರುವ ಹಿರಿಯರೂ ‘ಹೌದು, ಇದೇ’ ಎನ್ನುತ್ತಾರೆ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ ಎಂದು ನಿಮ್ಮವರೊಬ್ಬರು ಸಲಹೆ ಕೊಟ್ಟರು. ಸಭೆಗೆ ಬಂದ ಒಬ್ಬೊಬ್ಬರ ಮೊಬೈಲಿನಿಂದ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಇಳಿಸುತ್ತ ಕೂರುವುದಕ್ಕೆ ನಾನು ಈ ಟಿವಿ ಕೊಳ್ಳಲಿಲ್ಲ.

ತಾಂತ್ರಿಕ ವಿಷಯವನ್ನು ನಾನು ನಿಮಗೆ ಹೇಳಿಕೊಡಬೇಕಾಗಿ ಬಂದದ್ದೇ ವಿಷಾದ. ಮೊಬೈಲಿನ ಪರದೆಯನ್ನು ಟಿವಿಯಲ್ಲಿ ತೋರಿಸುವ ಮಿರಾಕಾಸ್ಟ್ ಎಂಬ ವಿಧಾನವನ್ನು ವೈಫೈ ಅಲಯನ್ಸ್ ಎಂಬ ಸಂಸ್ಥೆ 2012ರಲ್ಲೇ ಜಾರಿಗೆ ತಂದಿದೆ. ಅದರಲ್ಲಿ ಮೊಬೈಲ್ ಮತ್ತು ಟಿವಿ ಒಂದಕ್ಕೊಂದು ನೇರವಾಗಿ ಸಂಪರ್ಕ ಸಾಧಿಸುತ್ತವೆ. ರೂಟರ್ ಬೇಡ, ಇಂಟರ್ನೆಟ್ ಬೇಡ. ನನ್ನ ಮೊಬೈಲಿನಲ್ಲಿ ಅದು ಇದೆ. ಮೂಡಿಗೆರೆಯಲ್ಲಿರುವ ನನ್ನ ತಮ್ಮನ ಮನೆಯ ಬೇರೆ ಕಂಪನಿಯ ಟಿವಿಯಲ್ಲಿ, ಅವನ ರೂಟರನ್ನು ಆರಿಸಿಟ್ಟೇ ಪರೀಕ್ಷಿಸಿದ್ದೇನೆ. ಪರದೆ ತಕ್ಷಣ ಮೂಡಿತು. ನಿಮ್ಮ ಟಿವಿಯಲ್ಲಿ ಆ ಆಯ್ಕೆಯೇ ಇಲ್ಲ. ಕೈಪಿಡಿಯಲ್ಲಿ ಅದರ ಚಿತ್ರವಿದೆ, ಅಡಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ‘ಮಾದರಿಗೆ ಅನುಗುಣವಾಗಿ ಬದಲಾಗಬಹುದು’ ಎಂದಿದೆ. ಇದರಲ್ಲಿರುವುದು ಮೊಬೈಲ್ ಮತ್ತು ಟಿವಿ ಎರಡೂ ಒಂದೇ ವೈಫೈಗೆ ಸೇರಿದ್ದರೆ ಮಾತ್ರ ನಡೆಯುವ ಕಾಸ್ಟಿಂಗ್. ಹಾಟ್‌ಸ್ಪಾಟ್ ಹಾಕಿ ಎಂದಿರಿ, ಹಾಕಿದೆ. ಮನೆಯೊಳಗೆ ಮೊಬೈಲ್ ಇಂಟರ್ನೆಟ್ ಸಿಗುವುದಿಲ್ಲ. ಟಿವಿ ‘ಇಂಟರ್ನೆಟ್ ಇಲ್ಲ’ ಎಂದು ಅಲ್ಲಿಗೇ ನಿಂತಿತು.

ಆಮೇಲೆ ನಿಮ್ಮ ಸೇವಾ ಕೇಂದ್ರದವರು ಮೊಬೈಲಿನ ಸಿ ಟೈಪ್ ಯುಎಸ್‌ಬಿ ಕಿಂಡಿಯಿಂದ ಟಿವಿಯ ಎಚ್‌ಡಿಎಂಐ ಕಿಂಡಿಗೆ ಹೋಗುವ ಕೇಬಲ್ ಮಾರಿದರು. ಯುಎಸ್‌ಬಿ ಕಿಂಡಿಯಿಂದ ವಿಡಿಯೊ ಹೊರಗೆ ಬರುವ ವ್ಯವಸ್ಥೆ ಎಲ್ಲ ಮೊಬೈಲ್‌ಗಳಲ್ಲೂ ಇರುವುದಿಲ್ಲ, ಕಡಿಮೆ ಬೆಲೆಯ ಎಷ್ಟೋ ಮೊಬೈಲ್‌ಗಳಲ್ಲಿ ಇಲ್ಲವೇ ಇಲ್ಲ. ಯಾವ ಮೊಬೈಲ್ ಎಂದು ಒಂದು ಮಾತು ಕೇಳದೆ ಮಾರಿದರು. ಅದು ಕೆಲಸ ಮಾಡಲಿಲ್ಲ. ಹಿಂದಿರುಗಿಸಲು ಹೋದರೆ ‘ಕವರ್ ತೆರೆದಿದ್ದೀರಿ’ ಎಂದರು.

ಇನ್ನು ನಿಮ್ಮ ತಂತ್ರಜ್ಞರು ಬಂದ ದಿನದ ವಿಚಾರ. ಸಭೆಯ ದಿನ ಬೇಡವೆಂದು ಕೇಳಿಕೊಂಡಿದ್ದರೂ ಅಂದೇ ಬಂದರು. ಜಗುಲಿಯ ತುಂಬ ಹೆಂಗಸರಿದ್ದರು. ಬಂದವರು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು, ‘ವೈಫೈ ಎಲ್ಲಿದೆ?’ ಎಂದರು. ಇಲ್ಲವೆಂದೆ. ‘ವೈಫೈ ಇಲ್ಲದವರು ಸ್ಮಾರ್ಟ್ ಟಿವಿ ಏಕೆ ತೆಗೆದುಕೊಂಡಿರಿ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಜೋಪಾನವಾಗಿ ಇಟ್ಟಿದ್ದ ಪೆಟ್ಟಿಗೆಯನ್ನು ಒಳಗಿನಿಂದ ತಂದು ಆ ಸಾಲನ್ನು ತೋರಿಸಿದೆ. ಅದರತ್ತ ನೋಡಲೂ ಇಲ್ಲ. ‘ಮನೆಯಲ್ಲಿ ಯಜಮಾನರಿಲ್ಲವೇ? ಅವರಿಗೆ ಹೇಳುತ್ತೇನೆ, ನಿಮಗೆ ಅರ್ಥವಾಗುವುದಿಲ್ಲ’ ಎಂದರು. ‘ಬಿಲ್ ನನ್ನ ಹೆಸರಿನಲ್ಲಿದೆ, ನನಗೇ ಹೇಳಿ’ ಎಂದೆ. ಆಗ ಅವರು ಮೇಲಧಿಕಾರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ‘ಸರ್, ಹಳ್ಳಿ ಕೇಸ್, ಅಮ್ಮ ಹಠ ಮಾಡುತ್ತಿದ್ದಾರೆ’ ಎಂದರು. ಆ ಕಡೆಯಿಂದ ಬಂದ ಉತ್ತರ ಇಡೀ ಜಗುಲಿಗೆ ಕೇಳಿಸಿತು: ‘ದೋಷವಿಲ್ಲ, ಗ್ರಾಹಕರಿಗೆ ತಿಳಿವಳಿಕೆ ನೀಡಲಾಗಿದೆ ಎಂದು ಬರೆದು ಸಹಿ ಹಾಕಿಸಿಕೊಂಡು ಬಾ.’

ಗಿಡದ ಫೋಟೋ ತೋರಿಸಲೆಂದು ಮೊಬೈಲ್ ಹಿಡಿದು ಮುಂದೆ ಕುಳಿತಿದ್ದ ಹುಡುಗಿ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ನನಗಾದ ಅವಮಾನಕ್ಕಿಂತ ಅದು ಹೆಚ್ಚು ನೋಯಿಸಿತು. ನಮಗೂ ಇದೆಲ್ಲ ಬರುತ್ತದೆ ಎಂದು ಆ ಹೆಂಗಸರಿಗೆ ಧೈರ್ಯ ಹೇಳಿ ಕರೆತಂದವಳು ನಾನು.

ಸಹಿ ಹಾಕಲಿಲ್ಲ. ಹಾಕದಿದ್ದುದಕ್ಕೆ ಭೇಟಿ ಶುಲ್ಕ ಕೇಳಿದರು. ಮೊದಲ ವರ್ಷ ಭೇಟಿ ಶುಲ್ಕವಿಲ್ಲ ಎಂದು ನಿಮ್ಮದೇ ವಾರಂಟಿ ಪುಸ್ತಕದಲ್ಲಿ ಅಚ್ಚಾಗಿದೆ. ಆ ಪುಸ್ತಕವನ್ನು ನಿಮ್ಮ ನೌಕರರಿಗೆ ಒಮ್ಮೆ ಓದಿಸಿ. ನಾನು ಓದಿದ್ದೇನೆ. ನನ್ನ ಸಹಿಯೇ ಇಲ್ಲದೆ ದೂರು ಪರಿಹಾರವಾಯಿತೆಂದು ಯಾರ ಅನುಮತಿಯಿಂದ ಬರೆದಿರಿ?

ಈ ಪತ್ರ ತಲುಪಿದ 15 ದಿನಗಳೊಳಗೆ ಟಿವಿಯನ್ನು ನಿಮ್ಮ ಖರ್ಚಿನಲ್ಲಿ ಹಿಂಪಡೆದು ಪೂರ್ತಿ ಹಣವನ್ನೂ ಕೇಬಲ್ಲಿನ ಹಣವನ್ನೂ ಮರಳಿಸಬೇಕು. ಆ ತಂತ್ರಜ್ಞರೂ ಅವರ ಮೇಲಧಿಕಾರಿಯೂ ಲಿಖಿತವಾಗಿ ಕ್ಷಮೆ ಕೇಳಬೇಕು. ನನ್ನೊಬ್ಬಳನ್ನಲ್ಲ, ನಮ್ಮ ಸಂಘವನ್ನು.

ತಪ್ಪಿದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ಲೇಬಲ್ ಮತ್ತು ಹೊದಿಕೆಯೂ ಜಾಹೀರಾತೇ. ಅದರಲ್ಲಿ ಸುಳ್ಳು ಅಚ್ಚು ಹಾಕಿದರೆ ದಾರಿ ತಪ್ಪಿಸುವ ಜಾಹೀರಾತಾಗುತ್ತದೆ. ಗ್ರಾಹಕರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಸರಕಿನ ದೂರಿಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಎಲ್ಲಿಂದ ಬರುತ್ತಾರೋ ಬರಲಿ, ನನಗೆ ಮೂಡಿಗೆರೆಯಿಂದ ಬಸ್ಸಿದೆ. ಇಂಥ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಪೆಟ್ಟಿಗೆಯ ಫೋಟೋದೊಂದಿಗೆ ಅಲ್ಲಿಗೂ ಬರೆಯುತ್ತೇನೆ. ಸ್ಪೀಕರ್‌ನಲ್ಲಿ ನಿಮ್ಮ ಅಧಿಕಾರಿ ಆಡಿದ ಮಾತಿಗೆ ಸಾಕ್ಷಿ ಹೇಳಲು ಅಂದು ಜಗುಲಿಯಲ್ಲಿದ್ದ ಪ್ರತಿಯೊಬ್ಬಳೂ ಆಯೋಗದ ಮುಂದೆ ಬರುತ್ತಾಳೆ.

ಇತಿ,
ಬಿಲ್ ಯಾರ ಹೆಸರಿನಲ್ಲಿದೆಯೋ ಆ ಗ್ರಾಹಕಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಲಗತ್ತು: ಬಿಲ್‌ಗಳು, ಪೆಟ್ಟಿಗೆಯ ಫೋಟೋ, ಸಹಿ ಹಾಕದ ಸೇವಾ ಚೀಟಿಯ ಪ್ರತಿ