ಕ್ರೆಡಿಟ್ ಸಿಕ್ಕಿತು, ಲೆಕ್ಕ ಬರಲಿಲ್ಲ

ಮಾನ್ಯ ಸಂಪಾದಕರೇ,

ಹೊರದೇಶದ ಕನ್ನಡಿಗರಿಗಾಗಿ ನೀವು ತರುವ ವಾರದ ಪುಟದಲ್ಲಿ 'ಮನೆಯಲ್ಲೇ ಕೂತು ಒಂದೇ ವರ್ಷದಲ್ಲಿ ಅಮೆರಿಕದ ಅಕೌಂಟಿಂಗ್ ಡಿಗ್ರಿ' ಎಂಬ ಬರಹ ಬಂದಿತ್ತು. ಕಾಲೇಜಿನ ಹೊರಗೆ ಪರೀಕ್ಷೆ, ಕೋರ್ಸು ಮುಗಿಸಿ 'ಪರ್ಯಾಯ ಕ್ರೆಡಿಟ್' ಕೂಡಿಹಾಕಿ, ಡಿಗ್ರಿ ಬೇಗ ಮುಗಿಸಿ ಎಂಬುದು ಅದರ ಸಲಹೆ. ಎರಡು ಸಲ ಓದಿದೆ. ಒಂದು ಹಳೆಯ ನಿಯಮ ಬಿಟ್ಟರೆ ಅದರಲ್ಲಿ ಸುಳ್ಳು ಅಂತ ಏನೂ ಇಲ್ಲ. ಹೇಳದೆ ಬಿಟ್ಟಿದ್ದು ಮಾತ್ರ ಜಾಸ್ತಿ. ಆ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದು, ಆಮೇಲೆ ಬೇರೆ ದಾರಿ ಹಿಡಿದವಳು ನಾನು. ಅದಕ್ಕೇ ಈ ಪತ್ರ.

ನಾನಿರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ವಯಸ್ಸು 43. ಊರಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಇಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಸರಬರಾಜುದಾರರ ಬಿಲ್ಲುಗಳನ್ನು ನೋಡಿ ಹಣ ಪಾಸ್ ಮಾಡುವ ಕೆಲಸ. ಎಂಟು ವರ್ಷ ಅದನ್ನೇ ಮಾಡಿದೆ. ಮೇಲಿನ ಹುದ್ದೆಗೆ ಅರ್ಜಿ ಹಾಕಿದಾಗಲೆಲ್ಲ ಒಂದೇ ಪ್ರಶ್ನೆ: ಡಿಗ್ರಿ ಇದೆಯಾ?

ಪರ್ಯಾಯ ಕ್ರೆಡಿಟ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿ ಸಾಮಾನ್ಯವಾಗಿ ಒಂದು ಡಿಗ್ರಿಗೆ 120 ಕ್ರೆಡಿಟ್ ಬೇಕು. ಒಂದು ವಿಷಯಕ್ಕೆ 3 ಕ್ರೆಡಿಟ್ ಅಂದುಕೊಂಡರೆ ಸುಮಾರು 40 ವಿಷಯ. ಇವೆಲ್ಲವನ್ನೂ ಕಾಲೇಜಿನ ತರಗತಿಯಲ್ಲೇ ಕೂತು ಮುಗಿಸಬೇಕೆಂದಿಲ್ಲ. ಕಾಲೇಜ್ ಬೋರ್ಡ್ ಸಂಸ್ಥೆ 1967ರಿಂದ ನಡೆಸುತ್ತಿರುವ ಕ್ಲೆಪ್ ಪರೀಕ್ಷೆಗಳಿವೆ. 20ರಿಂದ 80ರವರೆಗೆ ಅಂಕ, 50 ಬಂದರೆ ಕ್ರೆಡಿಟ್ ಕೊಡಬಹುದು ಅಂತ ಶಿಫಾರಸು. ಸೋಫಿಯಾ, ಸ್ಟಡಿ ಡಾಟ್ ಕಾಮ್‌ನಂಥ ಜಾಲತಾಣಗಳಲ್ಲಿ ತಿಂಗಳ ಚಂದಾ ಕಟ್ಟಿ, ನಮ್ಮ ವೇಗದಲ್ಲಿ ಓದಿ ಮುಗಿಸುವ ಕೋರ್ಸುಗಳಿವೆ. ಇಂಥವನ್ನು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಪರಿಶೀಲಿಸಿ 'ಇದು ಇಷ್ಟು ಕ್ರೆಡಿಟ್ಟಿಗೆ ಸಮ' ಅಂತ ಹೇಳುತ್ತದೆ. ಹೇಳುತ್ತದೆ ಅಷ್ಟೇ. ಕೊಡುವುದು, ಬಿಡುವುದು ಆಯಾ ಕಾಲೇಜಿಗೆ ಬಿಟ್ಟಿದ್ದು. ನಿಮ್ಮ ಬರಹದಲ್ಲಿ ಈ ಒಂದು ವಾಕ್ಯ ಇರಲಿಲ್ಲ ನೋಡಿ.

ನನ್ನ 120ರಲ್ಲಿ 66 ಕ್ರೆಡಿಟ್ ಹೀಗೇ ಬಂದದ್ದು. ಅದರ ಬಗ್ಗೆ ನನಗೇನೂ ನಾಚಿಕೆ ಇಲ್ಲ. ಸಮಾಜಶಾಸ್ತ್ರ, ಅಮೆರಿಕದ ಇತಿಹಾಸ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್ ಎಲ್ಲ ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಕೂತು ಮುಗಿಸಿದೆ. ಒಂದು ತಿಂಗಳಲ್ಲಿ ನಾಲ್ಕು ವಿಷಯ ಮುಗಿಸಿದ್ದೂ ಉಂಟು. ಒಂದು ಕ್ಲೆಪ್ ಪರೀಕ್ಷೆಗೆ ಕಟ್ಟಿದ್ದು ನೂರು ಡಾಲರಿಗಿಂತ ಕಡಿಮೆ, ಕೇಂದ್ರದವರ ಶುಲ್ಕ ಬೇರೆ. ಅದೇ ವಿಷಯ ಕಾಲೇಜಿನಲ್ಲಿ ತೆಗೆದುಕೊಂಡಿದ್ದರೆ ಸಾವಿರ ದಾಟುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಗ್ರೇಡ್ ಕೊಡುವ ತರಗತಿ ಅಂದ ತಕ್ಷಣ ಅದು ಗಟ್ಟಿ, ಪರ್ಯಾಯ ಅಂದರೆ ಪೊಳ್ಳು ಅಂತಲ್ಲ. ಕ್ಲೆಪ್ ಪರೀಕ್ಷೆಯಲ್ಲಿ ಪುಸ್ತಕ ಇಲ್ಲ, ಫೋನ್ ಇಲ್ಲ, ಕಾವಲಿಗೆ ಒಬ್ಬರು ಇದ್ದೇ ಇರುತ್ತಾರೆ. ಫೇಲಾದರೆ ಅದೇ ಪರೀಕ್ಷೆಗೆ ಮೂರು ತಿಂಗಳು ಕಾಯಬೇಕು. ಆಮೇಲೆ ನಾನು ದುಡ್ಡು ಕೊಟ್ಟು ಸೇರಿದ ಮ್ಯಾನೇಜ್‌ಮೆಂಟ್ ತರಗತಿ ಹೇಗಿತ್ತು ಗೊತ್ತೇ? ಪ್ರತಿ ವಾರ ಒಂದು ಟಿಪ್ಪಣಿ ಬರೆಯಬೇಕು, ಸಹಪಾಠಿಗಳಿಬ್ಬರ ಟಿಪ್ಪಣಿಗೆ ಉತ್ತರ ಕೊಡಬೇಕು. 'ನೀವು ಹೇಳಿದ್ದು ಸರಿ, ನನಗೂ ಹಾಗೇ ಅನಿಸಿತು' ಅಂತ ಹದಿನೈದು ವಾರ ಬರೆದೆ. ಎ ಗ್ರೇಡ್ ಬಂತು! ಅದರಲ್ಲಿ ಏನು ಕಲಿತೆ ಅಂತ ಇವತ್ತು ಕೇಳಿದರೆ ಸುಮ್ನೆ ನಗುತ್ತೇನೆ.

ಆದರೆ ಅಕೌಂಟಿಂಗ್ ವಿಷಯಕ್ಕೆ ಬಂದಾಗ ನಾನು ಮುಗ್ಗರಿಸಿದೆ.

ಮೊದಲ ಹಂತದ ಫೈನಾನ್ಶಿಯಲ್ ಅಕೌಂಟಿಂಗನ್ನು ನನ್ನ ವೇಗದ ಕೋರ್ಸಿನಲ್ಲಿ ಹನ್ನೊಂದು ದಿನದಲ್ಲಿ ಮುಗಿಸಿದೆ. ಎಲ್ಲವೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಎಂಟು ವರ್ಷ ಬಿಲ್ಲುಗಳ ನಡುವೆ ಇದ್ದವಳು, ಡೆಬಿಟ್ ಕ್ರೆಡಿಟ್ ಕೈಗೆ ಹತ್ತಿತ್ತು. ಸಲೀಸಾಗಿ ಪಾಸಾದೆ. ಅದರ ಮುಂದಿನ ಮೆಟ್ಟಿಲು ಇಂಟರ್‌ಮೀಡಿಯೆಟ್ ಅಕೌಂಟಿಂಗ್. ಅದನ್ನು ನನ್ನ ಕಾಲೇಜು ಹೊರಗಿನಿಂದ ಒಪ್ಪುತ್ತಿರಲಿಲ್ಲ, ತರಗತಿಯಲ್ಲೇ ಕೂರಬೇಕಿತ್ತು. ಆಗ ಬೈದುಕೊಂಡೆ. ಈಗ ಬೈಯುವುದಿಲ್ಲ.

ಮೊದಲ ಪರೀಕ್ಷೆ. ಒಂದು ಖಾಲಿ ಹಾಳೆ, ಎರಡು ವರ್ಷದ ಬ್ಯಾಲೆನ್ಸ್ ಶೀಟು, 'ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ತಯಾರಿಸಿ' (ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ) ಎಂಬ ಒಂದು ಸಾಲು. ಅಷ್ಟೇ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ. ಲಾಭ 40 ಸಾವಿರ ಡಾಲರ್. ಸವಕಳಿ 6 ಸಾವಿರ. ಗಿರಾಕಿಗಳಿಂದ ಬರಬೇಕಾದ ಬಾಕಿ ಹಿಂದಿನ ವರ್ಷಕ್ಕಿಂತ 9 ಸಾವಿರ ಏರಿದೆ. ವ್ಯವಹಾರದಿಂದ ಬಂದ ನಗದು ಎಷ್ಟು ಅನ್ನುವಲ್ಲಿ ನಾನು ಎಲ್ಲವನ್ನೂ ಕೂಡಿಸಿ 55 ಸಾವಿರ ಅಂತ ಬರೆದೆ. ಬಾಕಿ ಏರಿತು ಅಂದರೆ ಆ ಹಣ ಇನ್ನೂ ಕೈಗೆ ಬಂದಿಲ್ಲ ಅಂತ ತಾನೇ ಅರ್ಥ? ಸವಕಳಿ ಕೈಯಿಂದ ನಗದು ಹೋಗದ ಖರ್ಚು, ಅದನ್ನು ಕೂಡಿಸಿದ್ದು ಸರಿ. ಬಾಕಿಯನ್ನು ಮಾತ್ರ ಕಳೆಯಬೇಕು. ಸರಿ ಉತ್ತರ 37 ಸಾವಿರ. ಇದೇ ಪ್ರಶ್ನೆ ನಾಲ್ಕು ಉತ್ತರಗಳ ಜೊತೆ ಬಂದಿದ್ದರೆ 37ಕ್ಕೇ ಗುರುತು ಹಾಕುತ್ತಿದ್ದೆ, ಖಂಡಿತ. ಕಣ್ಣಿಗೆ ಗುರುತು ಸಿಗುತ್ತಿತ್ತು. ಕೈಗೆ ಮಾತ್ರ ಬರುತ್ತಿರಲಿಲ್ಲ.

ಮೇಷ್ಟ್ರು ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದದ್ದು ಒಂದೇ ಪ್ರಶ್ನೆ: 'ಈ 9 ಸಾವಿರ ಈಗ ಯಾರ ಜೇಬಿನಲ್ಲಿದೆ?' ಕೊಟ್ಟದ್ದು ಸಿ ಗ್ರೇಡ್. ಆ ಸಿ ನೋಡಿ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ಪ್ರಶ್ನೆಯನ್ನು ಮರೆಯಲೂ ಇಲ್ಲ. ಹನ್ನೊಂದು ದಿನದ ಕೋರ್ಸಿನಲ್ಲಿ ನನ್ನ ತಪ್ಪನ್ನು ನೋಡಿದ್ದು ಯಂತ್ರ. ತಪ್ಪು ಅಂತ ಹೇಳಿತು, ಸರಿ ಉತ್ತರ ತೋರಿಸಿತು, ಮುಂದಕ್ಕೆ ಬಿಟ್ಟಿತು. ನಾನು ಯಾಕೆ ಹಾಗೆ ಯೋಚಿಸಿದೆ ಅಂತ ಅದು ಕೇಳಲಿಲ್ಲ.

ಮುಂದೆ ಬಾಂಡುಗಳ ಬಡ್ಡಿ ಲೆಕ್ಕ, ಲೀಸು, ಮುಂದೂಡಿದ ತೆರಿಗೆ ಎಲ್ಲ ಬಂದವು. ಎಲ್ಲದರಲ್ಲೂ ಇದೇ ಕತೆ. ಈ ವಿಷಯಗಳು ಒಂದರ ಮೇಲೊಂದು ನಿಂತಿರುತ್ತವೆ. ಕೆಳಗಿನದು ಸಡಿಲವಾಗಿದ್ದರೆ ಮೇಲಿನದನ್ನು ಬಾಯಿಪಾಠ ಮಾಡಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಎರಡನೇ ಇಂಟರ್‌ಮೀಡಿಯೆಟ್ ಮುಗಿಯುವ ಹೊತ್ತಿಗೆ ಬಿ ಪ್ಲಸ್‌ಗೆ ಬಂದೆ. ಅದಕ್ಕಾಗಿ ಮೊದಲ ಹಂತದ ಪುಸ್ತಕವನ್ನು ಪೂರ್ತಿ ಮತ್ತೆ ಓದಿದ್ದೇನೆ, ಕ್ರೆಡಿಟ್ ಯಾವಾಗಲೋ ಸಿಕ್ಕಿದ್ದರೂ.

ಇನ್ನು ಜಿಪಿಎ, ಅಂದರೆ 4ಕ್ಕೆ ಎಷ್ಟು ಎಂದು ಹೇಳುವ ಗ್ರೇಡುಗಳ ಸರಾಸರಿ, ಅದರ ವಿಚಾರ. ಪರ್ಯಾಯ ಕ್ರೆಡಿಟ್ ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) ಬರೀ 'ಪಾಸ್' ಅಂತ ಕೂರುತ್ತದೆ, ಜಿಪಿಎ ಲೆಕ್ಕಕ್ಕೆ ಬರುವುದಿಲ್ಲ. 'ಕಷ್ಟದ ವಿಷಯವನ್ನು ಹೊರಗೆ ಮುಗಿಸಿ, ಜಿಪಿಎ ಕಾಪಾಡಿಕೊಳ್ಳಿ' ಅಂತ ನಿಮ್ಮ ಬರಹದಲ್ಲಿತ್ತು. ಅದರ ಇನ್ನೊಂದು ಮುಖ ನೋಡಿ. ಒಬ್ಬರಿಗೆ ಗ್ರೇಡ್ ಇರುವ ವಿಷಯ ಹತ್ತೇ ಇವೆ ಅಂದುಕೊಳ್ಳಿ. ಎಂಟರಲ್ಲಿ ಸರಾಸರಿ 3.2. ಎರಡರಲ್ಲಿ ಸಿ, ಅಂದರೆ 2. ಒಟ್ಟು ಸರಾಸರಿ 2.96. ಅದೇ ಎರಡು ಸಿ, 40 ವಿಷಯಗಳ ನಡುವೆ ಇದ್ದು ಉಳಿದದ್ದೆಲ್ಲ 3.2 ಇದ್ದರೆ 3.14. ಅರ್ಜಿಯಲ್ಲಿ 3.0 ಗೆರೆ ಎಳೆದಿರುವ ಕಂಪನಿಗಳು, ಮಾಸ್ಟರ್ಸ್ ಕಾಲೇಜುಗಳು ಬೇಕಾದಷ್ಟಿವೆ. ಗೆರೆಯ ಆಚೆ, ಈಚೆ ಅನ್ನುವುದು ಇಂಥ ಕಡೆ ನಿರ್ಧಾರವಾಗುತ್ತದೆ. ಗ್ರೇಡ್ ಇರುವ ವಿಷಯಗಳು ಕಡಿಮೆ ಇದ್ದಷ್ಟೂ ಪ್ರತಿ ಗ್ರೇಡಿನ ತೂಕ ಹೆಚ್ಚು. ಆನ್‌ಲೈನಿನಲ್ಲೇ ಕಲಿಸುವ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಂಥ ಕಡೆ ಗ್ರೇಡೇ ಇಲ್ಲ, ಪಾಸಾದರೆ 3.0ಕ್ಕೆ ಸಮ ಅಂತ ಎಣಿಸುತ್ತಾರೆ. ಅಲ್ಲಿ ಬೀಳುವ ಭಯವಿಲ್ಲ, ಸರಿ. ಆದರೆ ಬೇರೆ ಕಡೆ 3.5 ತರುತ್ತಿದ್ದವರಿಗೆ ಅದನ್ನು ತೋರಿಸಲು ಜಾಗವೂ ಇಲ್ಲ.

ನನಗೆ ಆದ ಒಂದು ಏಟು ಹೇಳಿಬಿಡುತ್ತೇನೆ. ಮೊದಲು ಸೇರಿದ್ದ ಕಾಲೇಜಿನ ಸಲಹೆಗಾರರನ್ನು ಫೋನಿನಲ್ಲಿ ಕೇಳಿದ್ದೆ: ನನ್ನ ಈ ಕ್ರೆಡಿಟ್‌ಗಳನ್ನು ತೆಗೆದುಕೊಳ್ಳುತ್ತೀರಾ? 'ಓ, ತೆಗೆದುಕೊಳ್ಳುತ್ತೇವೆ' ಅಂದರು. ತೆಗೆದುಕೊಂಡರು ಕೂಡ. ಆದರೆ ಬಿಸಿನೆಸ್ ಲಾ ಮತ್ತು ಮ್ಯಾನೇಜೀರಿಯಲ್ ಅಕೌಂಟಿಂಗ್ ಎರಡನ್ನೂ 'ಐಚ್ಛಿಕ' ಅನ್ನುವ ಖಾನೆಗೆ ಹಾಕಿದರು. ಕಡ್ಡಾಯ ವಿಷಯದ ಜಾಗ ಖಾಲಿಯೇ ಉಳಿಯಿತು. ಅವೆರಡನ್ನೂ ಮತ್ತೆ ದುಡ್ಡು ಕಟ್ಟಿ ಓದಬೇಕಾಯಿತು. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ತೆಗೆದುಕೊಳ್ಳುತ್ತೀರಾ ಅಂತಲ್ಲ, ಯಾವ ವಿಷಯದ ಬದಲಿಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಬೇಕಿತ್ತು. ಅದೂ ಇಮೇಲಿನಲ್ಲಿ.

ಸಿಪಿಎ, ಅಂದರೆ ಲೈಸೆನ್ಸ್ ಇರುವ ಅಕೌಂಟೆಂಟ್, ಆಗುವ ಆಸೆ ಇರುವವರು ಇನ್ನೂ ಒಂದು ಕಟ್ಟೆ ದಾಟಬೇಕು. ಲೈಸೆನ್ಸ್ ಕೊಡುವುದು ಕಾಲೇಜಲ್ಲ, ಆಯಾ ರಾಜ್ಯದ ಅಕೌಂಟೆನ್ಸಿ ಮಂಡಳಿ. 50 ರಾಜ್ಯಗಳು, ರಾಜಧಾನಿ, ಪೋರ್ಟೊ ರಿಕೊದಂಥ ಪ್ರಾಂತ್ಯಗಳು ಸೇರಿ ಒಟ್ಟು 55 ಕಡೆ ಪ್ರತ್ಯೇಕ ನಿಯಮ. ಕೆಲವು ಮಂಡಳಿಗಳಿಗೆ ಮೊದಲ ಹಂತದ ಅಕೌಂಟಿಂಗ್ ಲೆಕ್ಕಕ್ಕೇ ಇಲ್ಲ, ಮೇಲಿನ ಹಂತದ ವಿಷಯಗಳನ್ನಷ್ಟೇ ಎಣಿಸುತ್ತಾರೆ. ಟೆಕ್ಸಸ್ ಅಂಥದ್ದು. ಕಾಲೇಜು ಒಪ್ಪಿದ ಕ್ರೆಡಿಟ್ಟನ್ನು ಮಂಡಳಿಯೂ ಹಾಗೇ ಒಪ್ಪಬೇಕೆಂದಿಲ್ಲ.

ಈ ಲೈಸೆನ್ಸಿಗೆ 150 ಕ್ರೆಡಿಟ್ ಬೇಕು ಎಂಬ ನಿಯಮವನ್ನು ಫ್ಲಾರಿಡಾ 1983ರಲ್ಲಿ ಮೊದಲು ತಂದಿತು, ಆಮೇಲೆ ಎಲ್ಲ ಕಡೆ ಹಬ್ಬಿತು. ಡಿಗ್ರಿಯ 120ರ ಮೇಲಿನ ಆ 30ನ್ನು ತುಂಬಿಸಲು ಜನ ಏನೇನೋ ವಿಷಯ ಅಗ್ಗದಲ್ಲಿ ಕೂಡಿಹಾಕುತ್ತಿದ್ದರು. ಸಂಗೀತದ ಪರಿಚಯ, ಖಗೋಳ ವಿಜ್ಞಾನ, ಯಾವುದಾದರೂ ಸರಿ. ನಾನೂ ಹಾಗೆ ಮಾಡಲು ಪಟ್ಟಿ ಹಾಕಿಟ್ಟಿದ್ದೆ. ಅಷ್ಟರಲ್ಲಿ ನಮ್ಮ ಒಹಾಯೊದಲ್ಲಿ ಕಾನೂನು ಬದಲಾಯಿತು. 2026ರ ಜನವರಿ 1ರಿಂದ ಡಿಗ್ರಿ, ಎರಡು ವರ್ಷದ ಕೆಲಸದ ಅನುಭವ ಮತ್ತು ಪರೀಕ್ಷೆ ಇದ್ದರೆ ಇಲ್ಲಿ ಸಾಕು. ಬೇರೆ ಹಲವು ರಾಜ್ಯಗಳೂ ಈ ಹಾದಿ ಹಿಡಿದಿವೆ. ನಿಮ್ಮ ಬರಹ ಇನ್ನೂ 150ರ ಲೆಕ್ಕವನ್ನೇ ಹೇಳುತ್ತಿತ್ತು. ಅದನ್ನು ನಂಬಿ ಯಾರಾದರೂ ಇಲ್ಲಿ ಬೇಡದ ಹತ್ತು ವಿಷಯಕ್ಕೆ ಚಂದಾ ಕಟ್ಟಿದರೆ ಪಾಪ ಅಲ್ವಾ?

ಸಿಪಿಎ ಪರೀಕ್ಷೆಯಂತೂ ಯಾರ ಕ್ರೆಡಿಟ್ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಒಟ್ಟು ನಾಲ್ಕು ಭಾಗ, ಪ್ರತಿಯೊಂದರಲ್ಲೂ 75 ಬರಬೇಕು. ಎಫ್‌ಎಆರ್ ಎಂಬ ಫೈನಾನ್ಶಿಯಲ್ ಅಕೌಂಟಿಂಗ್ ಭಾಗದಲ್ಲಿ 2024ರಲ್ಲಿ ಪಾಸಾದದ್ದು ಶೇ 40ರ ಆಸುಪಾಸು. ಆರಿಸುವ ಪ್ರಶ್ನೆಗಳ ಜೊತೆಗೆ, ದಾಖಲೆ ಕೊಟ್ಟು ಲೆಕ್ಕ ಮಾಡಿಸುವ ಪ್ರಶ್ನೆಗಳೂ ಅದರಲ್ಲಿವೆ. ನನ್ನ ಖಾಲಿ ಹಾಳೆಯ ಅಣ್ಣತಮ್ಮಂದಿರು.

ಎಲ್ಲರಿಗೂ ನನ್ನ ಹಾಗೆ ಆಗುತ್ತದೆ ಅನ್ನುವುದಿಲ್ಲ. ನಮ್ಮ ಆಫೀಸಿನಲ್ಲೇ ಒಬ್ಬರಿದ್ದಾರೆ. ಇಪ್ಪತ್ತು ವರ್ಷ ಲೆಕ್ಕದ ಪುಸ್ತಕ ಬರೆದವರು, ತಿಂಗಳ ಕೊನೆಗೆ ಲೆಕ್ಕ ಮುಚ್ಚುವುದನ್ನು ನಿದ್ದೆಯಲ್ಲೂ ಮಾಡುತ್ತಾರೆ. ಅವರಿಗೆ ಬೇಕಿದ್ದದ್ದು ಕಾಗದ ಮಾತ್ರ. ಕಾಲೇಜು ಒಪ್ಪಿದಷ್ಟನ್ನೂ ಪರ್ಯಾಯದಲ್ಲೇ ಮುಗಿಸಿದರು, ಯಾವ ತೊಂದರೆಯೂ ಆಗಲಿಲ್ಲ. ಅವರ ತಪ್ಪುಗಳನ್ನು ತಿದ್ದುವವರು ಕೆಲಸದಲ್ಲಿ ಆಗಲೇ ಸಿಕ್ಕಿದ್ದರು. ಹೊಸದಾಗಿ ಬರುವವರಿಗೆ, ನನ್ನ ಹಾಗೆ ಬಿಲ್ಲಿನ ಒಂದು ಮೂಲೆ ಮಾತ್ರ ನೋಡಿದವರಿಗೆ, ನಾನು ಹೇಳುವುದು ಇಷ್ಟು: ಇತಿಹಾಸ, ಸಮಾಜಶಾಸ್ತ್ರ ಎಲ್ಲ ಧಾರಾಳವಾಗಿ ಹೊರಗೆ ಮುಗಿಸಿ, ದುಡ್ಡು ಉಳಿಸಿ. ಆ ಉಳಿದ ದುಡ್ಡನ್ನು ಇಂಟರ್‌ಮೀಡಿಯೆಟ್ ತರಗತಿಗೆ ಹಾಕಿ. ನಿಮ್ಮ ಹಾಳೆ ನೋಡುವ ಮೇಷ್ಟ್ರು ಇರುವ ಕಡೆಗೆ ಹೋಗಿ. ಸಿ ಬಂದರೂ ಬರಲಿ.

ಕೊನೆಗೆ ನಿಮ್ಮಲ್ಲಿ ಎರಡು ಕೋರಿಕೆ. 150 ಕ್ರೆಡಿಟ್ ನಿಯಮದ ಬಗ್ಗೆ ಒಂದು ತಿದ್ದುಪಡಿ ಹಾಕಿ. ಹಾಗೆಯೇ ಶೀರ್ಷಿಕೆಯಲ್ಲಿದ್ದ 'ಒಂದೇ ವರ್ಷ' ಯಾರಿಗೆ ಸಾಧ್ಯವಾಯಿತು, ಅವರು ಶುರು ಮಾಡುವಾಗ ಕೈಯಲ್ಲಿ ಎಷ್ಟು ಕ್ರೆಡಿಟ್ ಇತ್ತು ಅಂತ ಬರೆದವರನ್ನು ಕೇಳಿ ಪ್ರಕಟಿಸಿ. ಸೊನ್ನೆಯಿಂದ ಶುರು ಮಾಡಿದ ನನಗೆ, ಕೆಲಸ ಮತ್ತು ಇಬ್ಬರು ಮಕ್ಕಳ ನಡುವೆ, ಮೂರು ವರ್ಷ ನಾಲ್ಕು ತಿಂಗಳು ಹಿಡಿಯಿತು.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು
ಕೊಲಂಬಸ್, ಒಹಾಯೊ