ಬೇಸ್‌ಬಾಲ್ ಡ್ರಾಫ್ಟ್: ಹಿಟ್ಟರ್‌ಗಳ ಲೆಕ್ಕ ಹಾಗಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಕ್ರೀಡಾ ಪುಟದಲ್ಲಿ ಬಂದ ಫ್ಯಾಂಟಸಿ ಬೇಸ್‌ಬಾಲ್ ಲೇಖನದ ಬಗ್ಗೆ ಈ ಪತ್ರ. (ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ನಿಜ ಪಂದ್ಯಗಳ ಅಂಕಿಅಂಶಗಳಿಂದ ಅಂಕ ಗಳಿಸುವ ಆಟ ಇದು.) ಪುಣೆಯ ಹಿಂಜೆವಾಡಿ, ಖರಾಡಿ ಕಡೆಯ ಐಟಿ ಕಚೇರಿಗಳಲ್ಲಿ ಅಮೆರಿಕದ ಸಹೋದ್ಯೋಗಿಗಳ ಲೀಗ್‌ಗೆ ಸೇರಿ ಆಡುವ ಕನ್ನಡಿಗರಿದ್ದಾರೆ. ಅವರಿಗಾಗಿ ನೀವು ಅರ್ಧ ಪುಟ ಕೊಟ್ಟದ್ದು ಸಂತೋಷ. ಆದರೆ ‘ಹೆಚ್ಚು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆಯುವವರನ್ನು ಮೊದಲು ಆರಿಸಿಕೊಳ್ಳಿ, ಉಳಿದದ್ದು ತಾನಾಗಿ ಕೂಡಿಬರುತ್ತದೆ’ ಎಂಬ ಸಲಹೆ ನಂಬಿ ಡ್ರಾಫ್ಟ್‌ಗೆ, ಅಂದರೆ ಸರದಿ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳಲು, ಕೂತವರ ತಂಡ ಸೆಪ್ಟೆಂಬರ್ ಹೊತ್ತಿಗೆ ಪಟ್ಟಿಯ ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡಿರುತ್ತದೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ‘ತಂಡ ಕಟ್ಟಲು 260 ಡಾಲರ್ ಬೇಕು’ ಎಂದು ಅಚ್ಚಾಗಿದೆ. ಅದು ಹರಾಜು ಮಾದರಿಯ ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಸಿಗುವ ಲೆಕ್ಕದ ದುಡ್ಡು, ಮಕ್ಕಳ ಬಿಸಿನೆಸ್ ಆಟದ ನೋಟಿದ್ದಂತೆ. ಅದರಲ್ಲೇ 14 ಹಿಟ್ಟರ್ (ಬ್ಯಾಟ್ ಬೀಸುವವರು), 9 ಪಿಚರ್ (ಚೆಂಡು ಎಸೆಯುವವರು), ಒಟ್ಟು 23 ಜನರನ್ನು ಕೊಳ್ಳಬೇಕು. ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ 175ರ ಆಸುಪಾಸು, ಹಿಟ್ಟರ್‌ಗಳಿಗೆ ಹೋಗುತ್ತದೆ. ನಿಜವಾದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಪುಕ್ಕಟೆ ಲೀಗ್‌ಗಳ ವಿಚಾರ.

ಲೇಖಕರು ಎಡವಿದ್ದು ಅಂಕ ಕೊಡುವ ರೀತಿಯಲ್ಲಿ. ನಮ್ಮಲ್ಲಿ ಚಾಲ್ತಿಯಲ್ಲಿದ್ದ ಕ್ರಿಕೆಟ್ ಆ್ಯಪ್‌ಗಳಲ್ಲಿ ರನ್ನಿಗಿಷ್ಟು, ವಿಕೆಟ್ಟಿಗಿಷ್ಟು ಎಂದು ಅಂಕಗಳು ಒಂದೇ ಹುಂಡಿಗೆ ಬೀಳುತ್ತಿದ್ದವು. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ರೊಟಿಸ್ಸರಿ ಪದ್ಧತಿಯಲ್ಲಿ ಹಾಗಿಲ್ಲ. ಹಿಟ್ಟರ್‌ಗಳಿಗೆ ಆಗ ನಾಲ್ಕು ಕಾಲಂ, ಈಗ ಸಾಮಾನ್ಯವಾಗಿ ಐದು: ರನ್, ಹೋಮ್ ರನ್, ಆರ್‌ಬಿಐ (ಮುಂಬೈ ಕೋಟೆಯ ಬ್ಯಾಂಕಲ್ಲ, ತನ್ನ ಹೊಡೆತದಿಂದ ಓಡಿಸಿದ ರನ್ನುಗಳು), ಸ್ಟೀಲ್ ಅಂದರೆ ಕದ್ದ ಬೇಸ್‌ಗಳು (ಯಾರ ಹೊಡೆತಕ್ಕೂ ಕಾಯದೆ ಓಡಿ ಮುಟ್ಟಿದ ಮುಂದಿನ ನಿಲುಗಡೆಗಳು), ಮತ್ತು ಬ್ಯಾಟಿಂಗ್ ಆವರೇಜ್. 12 ತಂಡಗಳಿದ್ದರೆ ಪ್ರತಿ ಕಾಲಂನಲ್ಲೂ ಮೊದಲ ಸ್ಥಾನಕ್ಕೆ 12 ಅಂಕ, ಕೊನೆಯದಕ್ಕೆ 1. ಹೋಮ್ ರನ್‌ನಲ್ಲಿ ಎರಡನೆಯ ತಂಡಕ್ಕಿಂತ ಒಂದೇ ಒಂದು ಹೆಚ್ಚಿದ್ದರೂ 12, ಅರವತ್ತು ಹೆಚ್ಚಿದ್ದರೂ ಅದೇ 12. ಮಿಕ್ಕ 59 ಹೋಮ್ ರನ್ ನೀರಿಗೆ ಹೋದ ಹಾಗೆ. ಅವನ್ನು ಹೊಡೆದವನ ಜಾಗದಲ್ಲಿ ಸ್ಟೀಲ್ ಮಾಡುವವನೊಬ್ಬನಿದ್ದಿದ್ದರೆ ಬೇರೊಂದು ಕಾಲಂನಲ್ಲಿ ಮೂರು ನಾಲ್ಕು ಮೆಟ್ಟಿಲು ಹತ್ತಬಹುದಿತ್ತು.

ಆವರೇಜ್ ವಿಷಯದಲ್ಲಿ ಕ್ರಿಕೆಟ್ ಓದುಗರಿಗೆ ಗೊಂದಲ ಆಗುವುದು ಸಹಜ. ಇಲ್ಲಿ ಅದು ಹಿಟ್‌ಗಳನ್ನು (ಚೆಂಡು ಹೊಡೆದು ಬೇಸ್ ಮುಟ್ಟಿದ ಸಲಗಳನ್ನು) ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳಿಂದ) ಭಾಗಿಸಿದ ಸಂಖ್ಯೆ. 2023ರಲ್ಲಿ ಇಡೀ ಮೇಜರ್ ಲೀಗ್‌ನ (ಅಮೆರಿಕದ ಅಗ್ರ ವೃತ್ತಿಪರ ಬೇಸ್‌ಬಾಲ್) ಸರಾಸರಿ 0.248 ಇತ್ತು, 0.300 ದಾಟಿದವನು ಬಲು ಗಟ್ಟಿ ಆಸಾಮಿ. ಮಿಕ್ಕ ನಾಲ್ಕು ಕಾಲಂ ಬರೀ ಕೂಡಿಕೆ. ಇದೊಂದು ಮಾತ್ರ ಸಾರಿನ ಉಪ್ಪಿನಂತೆ, ಪಾತ್ರೆ ಎಷ್ಟು ದೊಡ್ಡದು ಎಂಬುದರ ಮೇಲೆ ರುಚಿ. ಅದೇ ವರ್ಷದ ಕೈಲ್ ಶ್ವಾರ್ಬರ್ ಅವರನ್ನು ನೋಡಿ: 47 ಹೋಮ್ ರನ್, 108 ರನ್, 104 ಆರ್‌ಬಿಐ, ಆದರೆ 585 ಅಟ್-ಬ್ಯಾಟ್‌ಗಳಲ್ಲಿ 115 ಹಿಟ್, ಆವರೇಜ್ 0.197. ನಿಮ್ಮ ತಂಡದ ಗುರಿ 0.260 ಎಂದಿಟ್ಟುಕೊಂಡರೆ ಅಷ್ಟೇ ಅಟ್-ಬ್ಯಾಟ್‌ಗೆ 152 ಹಿಟ್ ಬೇಕಿತ್ತು. ಕೊರತೆ 37. ಹದಿನಾಲ್ಕು ಜನರದ್ದು ಸೇರಿ ಸುಮಾರು 7,000 ಅಟ್-ಬ್ಯಾಟ್ ಆದರೆ, ಈ ಒಬ್ಬರಿಂದಲೇ ತಂಡದ ಆವರೇಜ್ ಸಾವಿರಕ್ಕೆ ಐದರಷ್ಟು ಕುಸಿಯುತ್ತದೆ. ನಡುವಿನ ತಂಡಗಳು ಸಾವಿರಕ್ಕೆ ಒಂದೆರಡರ ಅಂತರದಲ್ಲಿ ಒತ್ತೊತ್ತಾಗಿರುವ ಕಾಲಂ ಇದು.

ಹಾಗೆಂದು ಶ್ವಾರ್ಬರ್ ಬೇಡವೆಂದಲ್ಲ. ಅವರನ್ನು ಆರಿಸಿದ ಕ್ಷಣವೇ ಮದ್ದನ್ನೂ ಗುರುತು ಹಾಕಿಕೊಳ್ಳಬೇಕು. ಅದೇ 2023ರಲ್ಲಿ ಲೂಯಿಸ್ ಅರಾಯೆಸ್ 574 ಅಟ್-ಬ್ಯಾಟ್‌ಗೆ 203 ಹಿಟ್ ಹೊಡೆದು 0.354ಕ್ಕೆ ಮುಟ್ಟಿದ್ದರು, ಹೋಮ್ ರನ್ ಮಾತ್ರ 10. ಇಬ್ಬರನ್ನೂ ಕೂಡಿಸಿದರೆ 1,159ಕ್ಕೆ 318 ಹಿಟ್, ಆವರೇಜ್ 0.274, ಹೋಮ್ ರನ್ 57. ಚೆನ್ನಾಗೇ ಇದೆ. ಆದರೆ ಇಬ್ಬರ ಸ್ಟೀಲ್ ಒಟ್ಟು ಮೂರು! ಹದಿನಾಲ್ಕರಲ್ಲಿ ಎರಡು ಜಾಗ ಆ ಕಾಲಂ ಮಟ್ಟಿಗೆ ಖಾಲಿ ಬಿದ್ದವು. ಒಂದು ತೂತು ಮುಚ್ಚುವಾಗ ಇನ್ನೊಂದು ಎಲ್ಲಿ ತೆರೆಯಿತು ಎಂದು ಪ್ರತಿ ಸುತ್ತಿನಲ್ಲೂ ನೋಡಿಕೊಳ್ಳುವುದೇ ಈ ಡ್ರಾಫ್ಟ್‌ನ ಕೆಲಸ.

ಇದಕ್ಕೂ ಮೊದಲು ಲೀಗ್‌ನ ನಿಯಮ ಓದಿ. ಕೆಲವು ಲೀಗ್‌ಗಳಲ್ಲಿ ಆವರೇಜ್ ಬದಲು ಆನ್-ಬೇಸ್ ಪರ್ಸೆಂಟೇಜ್ ಇರುತ್ತದೆ, ಅದರಲ್ಲಿ ವಾಕ್‌ಗಳೂ (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದಾಗ ಪುಕ್ಕಟೆ ಸಿಗುವ ಬೇಸ್) ಲೆಕ್ಕಕ್ಕೆ ಬರುತ್ತವೆ. ಅಲ್ಲಿ 2023ರ ಶ್ವಾರ್ಬರ್ 0.343, ಮೇಜರ್ ಲೀಗ್ ಸರಾಸರಿ 0.320. ಒಂದು ಕಡೆ ವಿಷ, ಇನ್ನೊಂದು ಕಡೆ ಔಷಧ. ಆವರೇಜ್ ಲೀಗ್‌ಗೆ ಮಾಡಿದ ರ್‍ಯಾಂಕ್ ಪಟ್ಟಿ ಹಿಡಿದು ಆನ್-ಬೇಸ್ ಲೀಗ್‌ನಲ್ಲಿ ಕೂರುವವರು ಪ್ರತಿ ವರ್ಷ ಸಿಗುತ್ತಾರೆ.

ಸ್ಟೀಲ್ ಬಗ್ಗೆ ಲೇಖನ ಒಂದೇ ಸಾಲಿನಲ್ಲಿ ‘ಅಪರೂಪದ ಸರಕು’ ಎಂದು ಹೇಳಿ ಮುಂದೆ ಹೋಗಿದೆ. ಅದು ಹಳೆಯ ಮಾತು. 2023ರಲ್ಲಿ ಬೇಸ್‌ನ ಅಳತೆ 15ರಿಂದ 18 ಇಂಚಿಗೆ ಏರಿತು, ಪಿಚರ್ ಒಬ್ಬ ಬ್ಯಾಟರ್‌ನ ಸರದಿಯಲ್ಲಿ ದಂಡವಿಲ್ಲದೆ ಬೇಸ್‌ನಲ್ಲಿರುವ ಓಟಗಾರನತ್ತ ತಿರುಗುವುದು ಎರಡೇ ಸಲ ಎಂದಾಯಿತು. 2022ರಲ್ಲಿ 2,486 ಇದ್ದ ಸ್ಟೀಲ್ ಒಂದೇ ವರ್ಷದಲ್ಲಿ 3,503ಕ್ಕೆ ಜಿಗಿಯಿತು. ಹೀಗಾಗಿ 2022ರವರೆಗಿನ ಗುರಿ ಪಟ್ಟಿಗಳನ್ನು ರದ್ದಿಗೆ ಹಾಕಿ. ಅಂದು 20 ಸ್ಟೀಲ್‌ಗಿದ್ದ ಬೆಲೆ ಇಂದಿಲ್ಲ. ಬೇಕಿರುವುದು ಸ್ಟೀಲ್ ಬಿಟ್ಟರೆ ಬೇರೇನೂ ಮಾಡದ ಒಬ್ಬನಲ್ಲ, ಹತ್ತು ಹದಿನೈದು ತರುವ ಏಳೆಂಟು ಜನ. ಎಸ್ಟೂರಿ ರೂಯಿಸ್ 2023ರಲ್ಲಿ 67 ಬೇಸ್ ಕದ್ದರು, ಹೋಮ್ ರನ್ ಐದೇ. ಮುಂದಿನ ವರ್ಷ ತಂಡದಲ್ಲಿ ಜಾಗ ತಪ್ಪಿ 30 ಪಂದ್ಯವನ್ನೂ ಆಡಲಿಲ್ಲ. ಬ್ಯಾಟಿಂಗ್ ಸಾಧಾರಣವಾಗಿರುವ ಓಟಗಾರನ ಕೆಲಸ ಯಾವತ್ತೂ ಗ್ಯಾರಂಟಿಯಲ್ಲ, ಅವನೊಬ್ಬನ ಮೇಲೆ ಕಾಲಂ ಕಟ್ಟಿದವರ ಗತಿಯೂ ಅಷ್ಟೇ.

ಸ್ಟೀಲ್ ಅನ್ನು ಪೂರ್ತಿ ಕೈಬಿಟ್ಟರಾಯಿತು ಎನ್ನುವ ಜಾಣರೂ ಇದ್ದಾರೆ. ಹಿಟ್ಟರ್‌ಗಳ ಐದು, ಪಿಚರ್‌ಗಳ ಐದು ಸೇರಿ ಹತ್ತು ಕಾಲಂಗಳ ಲೀಗ್‌ನಲ್ಲಿ ಪೂರ್ಣಾಂಕ 120. ಕೈಬಿಟ್ಟ ಕಾಲಂನಲ್ಲಿ 1 ಅಂಕ, ಅಲ್ಲಿಗೆ ನಿಮ್ಮ ಗರಿಷ್ಠ 109. ವಾರವಾರ ಒಬ್ಬರ ಎದುರು ಒಬ್ಬರು ಆಡುವ ಲೀಗ್‌ನಲ್ಲಿ ಈ ಉಪಾಯ ನಡೆದೀತು, ರೊಟಿಸ್ಸರಿಯಲ್ಲಿ ದುಬಾರಿ.

ಒಬ್ಬ ಹಿಟ್ಟರ್‌ನ ಸ್ಟೀಲ್, ಇನ್ನೊಬ್ಬನ ಹೋಮ್ ರನ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ನಿಮ್ಮ ಲೀಗ್‌ನ ಹಿಂದಿನ ವರ್ಷದ ಅಂತಿಮ ಪಟ್ಟಿ ತೆಗೆಯಿರಿ. ಮೊದಲ ಮತ್ತು ಕೊನೆಯ ತಂಡ ಬಿಡಿ (ಮೇ ತಿಂಗಳಲ್ಲೇ ತಂಡ ಮರೆತವನೊಬ್ಬ ಎಲ್ಲ ಲೀಗ್‌ನಲ್ಲೂ ಇರುತ್ತಾನೆ, ಅವನಿಂದ ಲೆಕ್ಕ ಕೆಡುತ್ತದೆ). ಎರಡನೆಯದರಿಂದ ಹನ್ನೊಂದನೆಯದನ್ನು ಕಳೆದು 9ರಿಂದ ಭಾಗಿಸಿ. ಉದಾಹರಣೆಗೆ ಹೋಮ್ ರನ್ 316 ಮತ್ತು 226 ಇದ್ದರೆ ಒಂದು ಮೆಟ್ಟಿಲಿಗೆ 10. ಸ್ಟೀಲ್ 178 ಮತ್ತು 106 ಆದರೆ 8. ಆರ್‌ಬಿಐ 1,060 ಮತ್ತು 790 ಆದರೆ 30. ಈಗ 30 ಹೋಮ್ ರನ್, 90 ಆರ್‌ಬಿಐ, 5 ಸ್ಟೀಲ್‌ನವನು ಈ ಮೂರು ಕಾಲಂಗಳಲ್ಲಿ 3 + 3 + 0.6, ಅಂದರೆ 6.6 ಮೆಟ್ಟಿಲು. 15 ಹೋಮ್ ರನ್, 60 ಆರ್‌ಬಿಐ, 30 ಸ್ಟೀಲ್‌ನವನು 1.5 + 2 + 3.75, ಅಂದರೆ 7.25. ನಿಮ್ಮ ಲೇಖನದ ಪ್ರಕಾರ ಆರಿಸಿದರೆ ಈ ಎರಡನೆಯವನು ಪಕ್ಕದವರ ಪಾಲು. ಈ ತೂಕ ಮೊದಲ ಏಳೆಂಟು ಸುತ್ತಿಗೆ ಸರಿ. ಆಮೇಲೆ ನಿಮ್ಮ ಕಾಲಂಗಳ ಸ್ಥಿತಿ ನೋಡಿ ತಿದ್ದಬೇಕು, ತುಂಬಿದ ಕಾಲಂಗೆ ಇನ್ನೂ ಸುರಿದು ಲಾಭವಿಲ್ಲ.

ಜೊತೆಗೆ ಎಕ್ಸೆಲ್‌ನಲ್ಲಿ ಗುರಿ ಬರೆದಿಟ್ಟುಕೊಳ್ಳಿ. ಪ್ರತಿ ಕಾಲಂನಲ್ಲೂ ಮೂರನೇ ಸ್ಥಾನದ ಸಂಖ್ಯೆ ಸಾಕು. 168 ಸ್ಟೀಲ್ ಗುರಿಯಾದರೆ 14 ಜನಕ್ಕೆ ತಲಾ 12. ಎಂಟು ಹಿಟ್ಟರ್ ಆದ ಮೇಲೆ 96 ಇರಬೇಕಾದಲ್ಲಿ 60 ಇದ್ದರೆ ಉಳಿದ ಆರು ಜನ ತಲಾ 18 ತರಬೇಕು. ಅಂಥವರು ಯಾವ ಪೊಸಿಷನ್‌ನಲ್ಲಿ ಉಳಿದಿದ್ದಾರೆ ಎಂದು ಆಗಲೇ ಹುಡುಕಿ. ಮೊದಲ ಮೂರು ಸುತ್ತಿನಲ್ಲಿ ನಾಲ್ಕೈದು ಕಾಲಂ ಒಟ್ಟಿಗೆ ತುಂಬುವವರು ಸಿಕ್ಕರೆ ಈ ಪರದಾಟವೇ ಇರದು: 2023ರ ರೊನಾಲ್ಡ್ ಅಕುನ್ಯ 41 ಹೋಮ್ ರನ್, 73 ಸ್ಟೀಲ್, 0.337, 2024ರ ಶೋಹೇ ಒಹ್ತಾನಿ 54, 59, 0.310. ಆದರೆ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಅಷ್ಟೇ ಮಾಡುವವರು) ಆಗಿ ಮಾತ್ರ ಆಡುವವರು ಯುಟಿಲಿಟಿ ಜಾಗಕ್ಕಷ್ಟೇ (ಯಾವ ಹಿಟ್ಟರ್‌ನನ್ನಾದರೂ ಹಾಕಬಹುದಾದ ಜಾಗ) ಸಲ್ಲುತ್ತಾರೆ, ಆ ಜಾಗ ಇರುವುದು ಒಂದೇ. ಅಂಥ ಇಬ್ಬರನ್ನು ಕೊಂಡವರ ಒಬ್ಬ ಹಿಟ್ಟರ್ ಬೆಂಚಿನಲ್ಲೇ ಕೂತಿರುತ್ತಾನೆ.

ಕ್ಯಾಚರ್‌ಗಳ (ಕ್ರಿಕೆಟ್‌ನ ವಿಕೆಟ್ ಕೀಪರ್ ಇದ್ದಂತೆ) ಮಾತು ಬೇರೆ. ತಂಡಕ್ಕಿಬ್ಬರಂತೆ 24 ಜನ ಬೇಕು, ಮೇಜರ್ ಲೀಗ್‌ನಲ್ಲಿರುವುದೇ 30 ತಂಡ. 2025ರಲ್ಲಿ 60 ಹೋಮ್ ರನ್ ಹೊಡೆದ ಕ್ಯಾಲ್ ರ‍್ಯಾಲಿಯಂಥವರ ಬೆಲೆಯನ್ನು ಒಂದನೇ ಬೇಸ್‌ನವರ ಜೊತೆ ಹೋಲಿಸದೆ, ಆ 24ನೆಯ ಕ್ಯಾಚರ್ ಜೊತೆ ಹೋಲಿಸಿ ನೋಡಬೇಕು.

ಕೊನೆಗೆ ಗಡಿಯಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನ್ಯೂಯಾರ್ಕ್‌ಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ತಾಸು ಇದ್ದ ಅಂತರ ಒಂಬತ್ತೂವರೆಗೆ ಇಳಿಯುತ್ತದೆ. ಡ್ರಾಫ್ಟ್‌ಗಳು ಹೆಚ್ಚಾಗಿ ಅದಾದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ. ಅಲ್ಲಿಯ ರಾತ್ರಿ 9 ಎಂದರೆ ಇಲ್ಲಿ ಬೆಳಗ್ಗೆ 6.30. ಹಳೆಯ ಲೆಕ್ಕದಲ್ಲಿ 7.30ಕ್ಕೆ ಕೂತವರಿಗೆ ಕಂಪ್ಯೂಟರ್ ಆಗಲೇ ಆರೇಳು ಜನರನ್ನು ಆರಿಸಿಟ್ಟಿರುತ್ತದೆ, ಕಾಲಂಗಳ ಗೊಡವೆಯಿಲ್ಲದೆ ರ್‍ಯಾಂಕ್ ಪ್ರಕಾರ. ಇನ್ನು ಅಲ್ಲಿಯ ಸಂಜೆ 7.05ರ ಪಂದ್ಯ ನಮಗೆ ನಸುಕಿನ 4.35. ದಿನಾ ತಂಡ ಬದಲಿಸುವ ಲೀಗ್‌ಗಿಂತ ವಾರಕ್ಕೊಮ್ಮೆ ಬೀಗ ಬೀಳುವ ಲೀಗ್ ಪುಣೆಯವರ ನಿದ್ದೆಗೆ ಒಳ್ಳೆಯದು.

ಮುಂದಿನ ಸಲ ಹಿಟ್ಟರ್‌ಗಳ ಪಟ್ಟಿ ಅಚ್ಚು ಹಾಕುವಾಗ ಆವರೇಜ್ ಪಕ್ಕದಲ್ಲಿ ಅಟ್-ಬ್ಯಾಟ್ ಸಂಖ್ಯೆಯನ್ನೂ ದಯವಿಟ್ಟು ಕೊಡಿ. ಅದಿಲ್ಲದೆ ಮೇಲಿನ ಯಾವ ಭಾಗಾಕಾರವನ್ನೂ ಓದುಗರು ಮಾಡಲಾಗದು.

— ಕೋಥ್ರೂಡ್ ಮತ್ತು ಹಿಂಜೆವಾಡಿಯ ಕೆಲವು ಓದುಗರು, ಪುಣೆ